ಇನ್ನೂರು ವರ್ಷ ನಿಂತದ್ದು, ನಲವತ್ತೊಂದಕ್ಕೆ ಬಿದ್ದದ್ದು: ಶ್ರೀರಂಗಪಟ್ಟಣದ ಹಳೆ ಸೇತುವೆ ಕರಾವಳಿಗೆ ಹೇಳುವ ಮಾತು

2024ರ ಆಗಸ್ಟ್ 7. ನಡುರಾತ್ರಿ ಕಳೆದು ಸುಮಾರು ಒಂದು ಗಂಟೆಯ ಹೊತ್ತು. ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡವನ್ನು ಜೋಡಿಸುವ ಕಾಳಿ ನದಿಯ ಹಳೆ ಸೇತುವೆ ಕುಸಿದು ನೀರಿಗೆ ಬಿತ್ತು. ಗೋವಾ ಕಡೆಯಿಂದ ಬರುತ್ತಿದ್ದ ಒಂದು ಲಾರಿಯೂ ಅದರೊಂದಿಗೆ ಹೊಳೆ ಪಾಲಾಯಿತು. ತಮಿಳುನಾಡಿನವರಾದ ಅದರ ಚಾಲಕ ಕ್ಯಾಬಿನ್ ಮೇಲೆ ಹತ್ತಿ ಕುಳಿತು ಜೀವ ಹಿಡಿದುಕೊಂಡರು. ಪೊಲೀಸರು ಮತ್ತು ಸ್ಥಳೀಯ ಮೀನುಗಾರರು ಕತ್ತಲಲ್ಲೇ ದೋಣಿ ಇಳಿಸಿ ಅವರನ್ನು ದಡಕ್ಕೆ ತಂದರು. ಒಂದೇ ಒಂದು ಲಾರಿ, ಒಬ್ಬರೇ ಚಾಲಕ, ಅವರೂ ಬದುಕಿದರು. ಇದೇ ಘಟನೆ ಬೆಳಿಗ್ಗೆ ಎಂಟೂವರೆಗೆ, ಶಾಲೆಯ ಬಸ್ಸುಗಳು ಓಡುವ ಹೊತ್ತಿನಲ್ಲಿ ನಡೆದಿದ್ದರೆ? ಆ ಪ್ರಶ್ನೆಯನ್ನು ಕೇಳಿಕೊಳ್ಳಲು ಕೂಡ ಮನಸ್ಸು ಅಳುಕುತ್ತದೆ.

ಆ ಸೇತುವೆಗೆ ಆಗ ಕೇವಲ 41 ವರ್ಷ. 1983ರ ಕಾಂಕ್ರೀಟ್ ಕಟ್ಟಡ. ನಮ್ಮ ಓದುಗರಲ್ಲಿ ಅನೇಕರು ಅದಕ್ಕಿಂತ ಹಿರಿಯರು. ಅದು ಬರುವ ಮೊದಲು ದೋಣಿಯಲ್ಲಿ ಕಾಳಿ ದಾಟಿದ ನೆನಪು ಇರುವವರು ಉತ್ತರ ಕನ್ನಡದ ಕಡೆ ಇನ್ನೂ ಇದ್ದಾರೆ. ಒಂದು ಸೇತುವೆ ಅದರ ಉದ್ಘಾಟನೆಯನ್ನು ಕಂಡ ಜನರಿಗಿಂತ ಮೊದಲೇ ತೀರಿಹೋಗುವುದೆಂದರೆ ಏನು?

ಕಾಳಿ ಸೇತುವೆಯ ಸುದ್ದಿ ಓದಿದ ದಿನ ನಮಗೆ ನೆನಪಾದದ್ದು ಘಟ್ಟದ ಮೇಲಿನ ಇನ್ನೊಂದು ಸೇತುವೆ. ಅದು ಮಂಡ್ಯ ಜಿಲ್ಲೆಯ ಸಣ್ಣ ಪಟ್ಟಣವಾದ ಶ್ರೀರಂಗಪಟ್ಟಣದಲ್ಲಿದೆ. ಕಾಳಿ ಸೇತುವೆ ಬಿದ್ದ ವರ್ಷ ಅದಕ್ಕೆ 220 ತುಂಬಿತ್ತು. ಅದೇ ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ಒಂದು ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟಾಗ ಆ ಸೇತುವೆಯೂ ಪ್ರವಾಹಕ್ಕೆ ಎದೆಯೊಡ್ಡಿತ್ತು. ಅದು ಬೀಳಲಿಲ್ಲ.

ಈ ಎರಡನ್ನು ಪಕ್ಕದಲ್ಲಿಟ್ಟು ನೋಡಿದರೆ "ಹಿಂದಿನವರು ಕಟ್ಟಿದ್ದೇ ಗಟ್ಟಿ, ಈಗಿನದೆಲ್ಲ ಕಳಪೆ" ಎಂಬ ಮಾತು ತಟ್ಟನೆ ಬಾಯಿಗೆ ಬರುತ್ತದೆ. ಆ ಮಾತು ಅರ್ಧ ಸತ್ಯ. ಉಳಿದರ್ಧವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ರಾಜಧಾನಿ ಕಳೆದುಕೊಂಡ ಊರಿಗೆ ಬಂದ ಸೇತುವೆ

ಶ್ರೀರಂಗಪಟ್ಟಣ ಎಂದೊಡನೆ ಕರಾವಳಿಯ ಕ್ರೈಸ್ತರಿಗೆ ಒಂದು ಕಹಿ ನೆನಪು ಮೊದಲು ಬರುತ್ತದೆ. 1784ರಲ್ಲಿ ನಮ್ಮ ಹಿರಿಯರನ್ನು ಘಟ್ಟ ಹತ್ತಿಸಿ ಕರೆದೊಯ್ದದ್ದು ಅಲ್ಲಿಗೇ. ಅವರಲ್ಲಿ ಉಳಿದವರು ಊರಿಗೆ ಮರಳಿದ್ದು 1799ರ ಮೇ 4ರಂದು ಕೋಟೆ ಬಿದ್ದ ನಂತರ. ಅವರು ಅಲ್ಲಿಂದ ಹೊರಟಾಗ ನಾವು ಹೇಳುತ್ತಿರುವ ಸೇತುವೆ ಇನ್ನೂ ಹುಟ್ಟಿರಲಿಲ್ಲ. ಆ ಇತಿಹಾಸವನ್ನು ಇಲ್ಲಿ ಕೆದಕುವುದು ನಮ್ಮ ಉದ್ದೇಶವಲ್ಲ. ಆದರೆ ಆ ಊರು ನಮಗೆ ಅಪರಿಚಿತವಲ್ಲ ಎಂಬುದನ್ನು ಹೇಳಲೇಬೇಕು.

ಟಿಪ್ಪುವಿನ ಮರಣದ ನಂತರ ಮೈಸೂರು ರಾಜ್ಯ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿಗೆ ಬಂತು. ರಾಜಧಾನಿ ಮೈಸೂರಿಗೆ ಹೋಯಿತು. ಹೈದರ್ ಮತ್ತು ಟಿಪ್ಪು ಇಬ್ಬರ ಕೈಕೆಳಗೂ ದುಡಿದಿದ್ದ ಪೂರ್ಣಯ್ಯನವರೇ ದಿವಾನರಾಗಿ 1811ರ ವರೆಗೆ ಆಡಳಿತ ನಡೆಸಿದರು. ಯುದ್ಧದಿಂದ ಹಾಳಾದ ರಾಜ್ಯಕ್ಕೆ ಕೆರೆ, ಕಾಲುವೆ, ರಸ್ತೆ, ಸೇತುವೆಗಳು ಬೇಕಾಗಿದ್ದವು. ಕಂಪೆನಿಯ ಸೈನ್ಯಕ್ಕೂ ಬೆಂಗಳೂರು ಮೈಸೂರುಗಳ ನಡುವೆ ಮಳೆಗಾಲದಲ್ಲೂ ನಿಲ್ಲದ ದಾರಿ ಬೇಕಾಗಿತ್ತು. ಶ್ರೀರಂಗಪಟ್ಟಣವಾದರೋ ಕಾವೇರಿ ಎರಡಾಗಿ ಒಡೆದು ಸುತ್ತುವರಿದ ನಡುಗಡ್ಡೆ. ಕೋಟೆಗೆ ರಕ್ಷಣೆ ಕೊಟ್ಟ ಅದೇ ನೀರು ದಾರಿಗೆ ಅಡ್ಡಿಯಾಗಿತ್ತು.

ಹೀಗೆ ನದಿಯ ಉತ್ತರದ ಕವಲಿನ ಮೇಲೆ, ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ, 1804ರಲ್ಲಿ ಕಲ್ಲಿನ ಸೇತುವೆ ಪೂರ್ತಿಯಾಯಿತು. ಆಗಿನ ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯ ಹೆಸರನ್ನು ಅದಕ್ಕೆ ಇಟ್ಟರು. ಅವನ ತಮ್ಮ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್, ಆ ವರ್ಷಗಳಲ್ಲಿ ಮೈಸೂರು ಪ್ರಾಂತದ ಸೇನೆಯ ಹೊಣೆ ಹೊತ್ತಿದ್ದವನು. ಜನರ ಬಾಯಲ್ಲಿ ಈಗ ಅದು "ವೆಸ್ಲಿ ಸೇತುವೆ". ಕಲ್ಲು ಒಡೆದ, ಹೊತ್ತ, ಕಡೆದ, ನೀರಿನಲ್ಲಿ ನಿಂತು ಕಂಬ ನಿಲ್ಲಿಸಿದ ಒಡ್ಡರ, ಕಲ್ಲುಕುಟಿಗರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲ. ಇದು ಎಲ್ಲ ಕಾಲದ ಕಥೆ.

ಅದೇ ಕಾಲದಲ್ಲಿ ಅದೇ ಊರಿನ ಸುತ್ತ ಇನ್ನೊಂದು ಕೆಲಸ ನಡೆದಿತ್ತು. ಫ್ರೆಂಚ್ ಮಿಷನರಿ ಆಬೆ ದ್ಯುಬುವಾ 1799ರ ನಂತರ ಶ್ರೀರಂಗಪಟ್ಟಣಕ್ಕೆ ಬಂದು ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಒಟ್ಟುಗೂಡಿಸುತ್ತಿದ್ದರು. 1803-04ರಲ್ಲಿ ಮೈಸೂರು ಸೀಮೆಯಲ್ಲಿ ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸಕ್ಕೂ ಅವರು ಕೈಹಾಕಿದರು. ಲಸಿಕೆ ಎಂಬುದೇ ಜಗತ್ತಿಗೆ ಹೊಸದಾಗಿದ್ದ ದಿನಗಳವು. ಒಂದು ಕಡೆ ಸೇತುವೆ, ಇನ್ನೊಂದು ಕಡೆ ಲಸಿಕೆ. ಎರಡೂ ಸಾರ್ವಜನಿಕ ಆಸ್ತಿಗಳೇ. ಎರಡರ ಗುಣವೂ ಒಂದೇ: ಕೆಲಸ ಮಾಡುತ್ತಿರುವಷ್ಟು ಕಾಲ ಯಾರಿಗೂ ಅದರ ನೆನಪಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಧರ್ಮಕೇಂದ್ರದ ಯುವಜನರೊಂದಿಗೆ ಮೈಸೂರು ಪ್ರವಾಸ ಹೋದಾಗ ನಾವು ಬಸ್ಸನ್ನು ಬದಿಗೆ ನಿಲ್ಲಿಸಿ ಆ ಸೇತುವೆಯ ಮೇಲೆ ನಡೆದು ಹೋದೆವು. ಬೇಸಿಗೆಯಾದ್ದರಿಂದ ನೀರು ಕಡಿಮೆಯಿತ್ತು. ಕೆಳಗಿನ ಬಂಡೆಗಳ ಮೇಲೆ ಬಟ್ಟೆ ಒಣಗುತ್ತಿತ್ತು, ಒಬ್ಬರು ಗಾಳ ಹಾಕಿ ಕುಳಿತಿದ್ದರು. ನಮ್ಮ ಹುಡುಗನೊಬ್ಬ, "ಫಾದರ್, ಇದಕ್ಕೆ ಸಿಮೆಂಟ್ ಎಲ್ಲಿ ಹಾಕಿದ್ದಾರೆ?" ಎಂದು ಕೇಳಿದ. ಬಹಳ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟರೆ ಸೇತುವೆಯ ಅರ್ಧ ಕಥೆ ಹೇಳಿದಂತೆ.

ಅದು ಏಕೆ ನಿಂತಿತು?

ಈ ಸೇತುವೆಯಲ್ಲಿ ಕಮಾನುಗಳಿಲ್ಲ. ನಮ್ಮ ದೇವಸ್ಥಾನ, ಬಸದಿಗಳ ಮಂಟಪ ಕಟ್ಟುವ ರೀತಿಯಲ್ಲೇ ಇದನ್ನೂ ಕಟ್ಟಿದ್ದಾರೆ. ನದಿಯ ತಳದಲ್ಲಿ ಸಾಲುಸಾಲಾಗಿ ಕಲ್ಲಿನ ಕಂಬಗಳು, ಕಂಬದ ತಲೆಯ ಮೇಲೆ ಎರಡೂ ಕಡೆ ಚಾಚಿದ ಬೋದಿಗೆ ಕಲ್ಲುಗಳು, ಅವುಗಳ ಮೇಲೆ ಉದ್ದನೆಯ ತೊಲೆಗಲ್ಲುಗಳು, ಅದರ ಮೇಲೆ ದಾರಿ. ಮಂಟಪ ಕಟ್ಟುವ ಸ್ಥಪತಿಗೆ ನದಿಯ ಮೇಲೆ ಒಂದು ಉದ್ದನೆಯ ಮಂಟಪ ಕಟ್ಟು ಎಂದರೆ ಹೇಗೋ ಹಾಗೆ. ವಿಲಾಯಿತಿಯ ಹೆಸರು ಹೊತ್ತ ಈ ಸೇತುವೆಯ ವಿದ್ಯೆ ಪೂರ್ತಿ ಇಲ್ಲಿನದು.

ಕಲ್ಲಿನ ಗುಣ ಹಳ್ಳಿಯ ಕಲ್ಲುಕುಟಿಗನಿಗೂ ಗೊತ್ತು. ಮೇಲಿನಿಂದ ಒತ್ತಿದರೆ ಅದು ಎಷ್ಟು ಭಾರ ಬೇಕಾದರೂ ತಡೆಯುತ್ತದೆ, ಬಾಗಿಸಿದರೆ ಮುರಿಯುತ್ತದೆ. ಆದ್ದರಿಂದ ಕಂಬಗಳು ಹತ್ತಿರ ಹತ್ತಿರ ಇರಬೇಕು. ಕಂಬಗಳು ಹೆಚ್ಚಾದರೆ ನೀರಿನ ದಾರಿಗೆ ಅಡ್ಡಿ ಹೆಚ್ಚು, ಪ್ರವಾಹದಲ್ಲಿ ಮರದ ದಿಮ್ಮಿ, ಕಸಕಡ್ಡಿ ಸಿಕ್ಕಿಕೊಳ್ಳುತ್ತದೆ. ಇದು ಈ ವಿನ್ಯಾಸದ ದೌರ್ಬಲ್ಯ. ಆದರೆ ಬಲವೂ ಅಲ್ಲೇ ಇದೆ. ಭಾರ ನೂರಾರು ಕಂಬಗಳಿಗೆ ಹಂಚಿಹೋಗುತ್ತದೆ. ಒಂದು ಕಂಬ ಸಡಿಲಗೊಂಡರೆ ಆ ಒಂದು ಅಂಕಣಕ್ಕೆ ಮಾತ್ರ ಪೆಟ್ಟು. ಅದನ್ನು ಬಿಚ್ಚಿ ಮತ್ತೆ ಕೂರಿಸಬಹುದು. ಮುಖ್ಯವಾಗಿ, ಅದರೊಳಗೆ ತುಕ್ಕು ಹಿಡಿಯುವ ಕಬ್ಬಿಣವಿಲ್ಲ. ಏನೇ ಕೆಟ್ಟರೂ ಹೊರಗೆ ಕಣ್ಣಿಗೆ ಕಾಣುತ್ತದೆ.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಈ ಸೇತುವೆ ಇಷ್ಟು ಕಾಲ ಉಳಿಯಲು ಅದರ ಮೇಲಿನ ಭಾರವನ್ನು ಬೇರೆಯವರು ಹಂಚಿಕೊಂಡದ್ದೂ ಕಾರಣ. 1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂತು. ಆಮೇಲೆ ಹೆದ್ದಾರಿಗೆ ಬೇರೆ ಸೇತುವೆ ಬಂತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ರಸ್ತೆಯಂತೂ ಪಟ್ಟಣವನ್ನೇ ಬಳಸಿ ಹೋಗುತ್ತದೆ. ಎತ್ತಿನ ಗಾಡಿ, ಕುದುರೆ, ತೋಪು ಎಳೆಯುವ ಕಾಲಕ್ಕೆ ಕಟ್ಟಿದ ಸೇತುವೆಯ ಮೇಲೆ ಇವತ್ತಿನ ಹದಿನಾಲ್ಕು ಚಕ್ರದ ಲಾರಿಗಳು ದಿನವಿಡೀ ಓಡಿದ್ದರೆ 220 ವರ್ಷದ ಮಾತು ಹೇಳಲು ನಮಗೆ ಅವಕಾಶ ಇರುತ್ತಿರಲಿಲ್ಲವೇನೋ. ವಯಸ್ಸಾದ ತಂದೆಯ ಹೆಗಲಿನಿಂದ ಮೂಟೆ ಇಳಿಸಿದ ಮಕ್ಕಳಂತೆ ಹೊಸ ದಾರಿಗಳು ಹಳೆಯದನ್ನು ಉಳಿಸಿದವು.

ಅದೇ ಹೆಸರಿನ ಇನ್ನೊಂದು ಸೇತುವೆ

ಹಾಗಾದರೆ ಕಲ್ಲಿನದೆಲ್ಲ ಶಾಶ್ವತವೇ? ಖಂಡಿತ ಅಲ್ಲ. ಅದಕ್ಕೆ ಸಾಕ್ಷಿ ಅದೇ ಕಾವೇರಿಯ ಕೆಳಹರಿವಿನಲ್ಲಿರುವ ಶಿವನಸಮುದ್ರ. ಅಲ್ಲಿಯೂ ನಡುಗಡ್ಡೆ, ಅಲ್ಲಿಯೂ ಅದೇ ರೀತಿಯ ಕಲ್ಲುಕಂಬದ ಸೇತುವೆ, ಅದಕ್ಕೂ ವೆಲ್ಲೆಸ್ಲಿಯದೇ ಹೆಸರು. ಸುದ್ದಿಗಳಲ್ಲಿ ಎರಡನ್ನೂ ಒಂದೇ ಎಂದು ತಿಳಿದು ಗೊಂದಲ ಮಾಡಿಕೊಳ್ಳುವವರು ಬಹಳ. ಶಿವನಸಮುದ್ರದ ಸೇತುವೆ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಆ ಜಾಗದ ಜಹಗೀರುದಾರರಾಗಿದ್ದ ರಾಮಸ್ವಾಮಿ ಮೊದಲಿಯಾರರ ಮುತುವರ್ಜಿಯಿಂದ ಆದದ್ದು. 2018ರ ಆಗಸ್ಟ್‌ನ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು. ವಾಹನಗಳು ಅಷ್ಟರಲ್ಲೇ ಪಕ್ಕದ ಹೊಸ ಸೇತುವೆಗೆ ಹೋಗಿದ್ದರಿಂದ ಜೀವಹಾನಿಯಾಗಲಿಲ್ಲ.

ಒಂದೇ ನದಿ, ಒಂದೇ ವಿದ್ಯೆ, ಒಂದೇ ಹೆಸರು. ಒಂದು ನಿಂತಿತು, ಇನ್ನೊಂದರ ಬೆನ್ನು ಮುರಿಯಿತು. ಇದರಿಂದ ನಾವು ಕಲಿಯಬೇಕಾದದ್ದು ಸ್ಪಷ್ಟ. ನಾವು ಇವತ್ತು ನೋಡಿ ಹೊಗಳುವ ಹಳೆಯ ಸೇತುವೆಗಳು ಉಳಿದವು ಮಾತ್ರ. ಬಿದ್ದುಹೋದ ಹಳೆಯವುಗಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲವಾದ್ದರಿಂದ ಲೆಕ್ಕಕ್ಕೆ ಸಿಗುವುದಿಲ್ಲ. "ಹಿಂದಿನದೆಲ್ಲ ಗಟ್ಟಿ" ಎಂಬ ಮಾತಿನ ಮೋಸ ಇರುವುದು ಇಲ್ಲಿ. ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಲ್ಲು ಸೇತುವೆ 2016ರ ಆಗಸ್ಟ್ 2ರ ರಾತ್ರಿ ಪ್ರವಾಹಕ್ಕೆ ಕೊಚ್ಚಿಹೋದಾಗ ಎರಡು ಸರಕಾರಿ ಬಸ್ಸುಗಳು ಪ್ರಯಾಣಿಕರ ಸಮೇತ ಕಾಣೆಯಾದವು. ಅದೂ "ಗಟ್ಟಿ" ಸೇತುವೆ ಎಂದೇ ಜನ ನಂಬಿದ್ದರು. ಅಚ್ಚರಿಯೆಂದರೆ, ಅಲ್ಲಿ ಹೊಸ ಸೇತುವೆ ಒಂದು ವರ್ಷ ತುಂಬುವುದರೊಳಗೆ ಎದ್ದು ನಿಂತಿತು. ಹಣವೂ ಇತ್ತು, ತಂತ್ರಜ್ಞಾನವೂ ಇತ್ತು. ಇಲ್ಲದ್ದು ಏನು ಎಂಬುದನ್ನು ಓದುಗರೇ ಹೇಳಬಲ್ಲರು.

ಕರಾವಳಿಯ ಬೇರೆ ಲೆಕ್ಕ

ಈಗ ನಮ್ಮ ಕಡೆಗೆ ಬರೋಣ. ಕರಾವಳಿಯಲ್ಲಿ ಹತ್ತಿಪ್ಪತ್ತು ಕಿಲೋಮೀಟರಿಗೊಂದು ಹೊಳೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಪಂಚಗಂಗಾವಳಿ, ಸ್ವರ್ಣಾ, ಸೀತಾ, ಉದ್ಯಾವರ, ಶಾಂಭವಿ, ಫಲ್ಗುಣಿ, ನೇತ್ರಾವತಿ, ಮುಂದೆ ಕಾಸರಗೋಡಿನಲ್ಲಿ ಚಂದ್ರಗಿರಿ. ನಮ್ಮ ಹಿರಿಯರ ಕಾಲದಲ್ಲಿ ಕಡವು, ದೋಣಿ, ತೋಡಿಗೆ ಅಡ್ಡಲಾಗಿ ಅಡಿಕೆ ಮರದ ಸಂಕ. ಸೇತುವೆಗಳು ಬಂದ ಮೇಲೆಯೇ ಮಂಗಳೂರಿನಿಂದ ಕಾರವಾರಕ್ಕೆ ಒಂದೇ ಬಸ್ಸಿನಲ್ಲಿ ಹೋಗುವ ಭಾಗ್ಯ. ಅಂದರೆ ನಮ್ಮ ಶಾಲೆ, ಆಸ್ಪತ್ರೆ, ಮಾರುಕಟ್ಟೆ, ಮದುವೆ, ಮರಣ ಎಲ್ಲವೂ ಸೇತುವೆಗಳ ಮೇಲೆಯೇ ನಿಂತಿವೆ.

ಕರಾವಳಿಯ ಸೇತುವೆಗೆ ಮೂರು ಶತ್ರುಗಳಿವೆ.

ಮೊದಲನೆಯದು ಉಪ್ಪು. ಸಮುದ್ರದ ಭರತದ ನೀರು ಹೊಳೆಯೊಳಗೆ ಮೈಲುಗಟ್ಟಲೆ ನುಗ್ಗುತ್ತದೆ. ಗಾಳಿಯಲ್ಲೂ ಉಪ್ಪಿದೆ. ಕಾಂಕ್ರೀಟು ಕಣ್ಣಿಗೆ ಕಲ್ಲಿನಂತೆ ಕಂಡರೂ ಅದರಲ್ಲಿ ಸೂಕ್ಷ್ಮ ರಂಧ್ರಗಳಿವೆ. ಉಪ್ಪು ನಿಧಾನವಾಗಿ ಒಳಗಿನ ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದಾಗ ಹೊರಗಿನ ಕಾಂಕ್ರೀಟು ಸಿಡಿಯುತ್ತದೆ, ಸಿಡಿದ ಬಿರುಕಿನಿಂದ ಇನ್ನಷ್ಟು ಉಪ್ಪು ಒಳಗೆ ಹೋಗುತ್ತದೆ. ಉದ್ದ ಅಂಕಣದ ಸೇತುವೆಗಳಲ್ಲಿ ಬಿಗಿಯಾಗಿ ಎಳೆದು ಕಟ್ಟಿದ ಉಕ್ಕಿನ ತಂತಿಗಳ ಮೇಲೆಯೇ ಬಲವೆಲ್ಲ ನಿಂತಿರುತ್ತದೆ. ಆ ತಂತಿಗಳು ಕಾಂಕ್ರೀಟಿನ ಹೊಟ್ಟೆಯೊಳಗೆ ಅಡಗಿರುವುದರಿಂದ ಅವು ತುಕ್ಕು ಹಿಡಿದರೂ ಹೊರಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಶ್ರೀರಂಗಪಟ್ಟಣದ ಕಲ್ಲು ತನ್ನ ಕಾಯಿಲೆಯನ್ನು ಹೊರಗೆ ತೋರಿಸುತ್ತದೆ. ಈ ಸೇತುವೆಗಳ ಕಾಯಿಲೆಯನ್ನು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

ಎರಡನೆಯದು ಮರಳು. ಹೊಳೆಯ ತಳ ಕೊರೆದಷ್ಟೂ ಕಂಬದ ಬುಡ ಬರಿದಾಗುತ್ತದೆ. ಸೇತುವೆಯ ಹತ್ತಿರ ಮರಳು ತೆಗೆಯಬಾರದೆಂಬ ನಿಯಮ ಇದೆ. ರಾತ್ರಿ ಹೊಳೆಬದಿಯಲ್ಲಿ ಕೇಳುವ ಯಂತ್ರಗಳ ಸದ್ದು ಆ ನಿಯಮವನ್ನು ಓದಿದಂತೆ ಕಾಣುವುದಿಲ್ಲ.

ಮೂರನೆಯದು ಭಾರ. ನಾಲ್ಕೈದು ದಶಕಗಳ ಹಿಂದೆ ಎಣಿಸಿದ ಲಾರಿ ಬೇರೆ, ಇಂದಿನ ಲಾರಿ ಬೇರೆ. 2018ರ ಜುಲೈಯಲ್ಲಿ ಕೇಂದ್ರ ಸರಕಾರವೇ ಸರಕು ವಾಹನಗಳು ಹೊರಬಹುದಾದ ತೂಕದ ಮಿತಿಯನ್ನು ಸುಮಾರು 20ರಿಂದ 25 ಶೇಕಡದಷ್ಟು ಏರಿಸಿತು. ಒಂದು ಸುತ್ತೋಲೆಯಿಂದ ಲಾರಿಯ ಶಕ್ತಿ ಹೆಚ್ಚಾಗಬಹುದು. ಸೇತುವೆಯ ಶಕ್ತಿ ಸುತ್ತೋಲೆಯಿಂದ ಹೆಚ್ಚಾಗುವುದಿಲ್ಲ.

ಪಶ್ಚಿಮ ಕರಾವಳಿಯ ಪಟ್ಟಿಯನ್ನು ಒಮ್ಮೆ ನೋಡಿ. 1986ರ ಜುಲೈ 5ರಂದು ಪಣಜಿಯಲ್ಲಿ ಮಾಂಡೋವಿ ನದಿಯ ನೆಹರೂ ಸೇತುವೆ ಬಿತ್ತು. ಅದಕ್ಕೆ ಆಗ ಇಪ್ಪತ್ತು ವರ್ಷವೂ ಆಗಿರಲಿಲ್ಲ. 2001ರ ಜೂನ್ 22ರಂದು ಕೇರಳದ ಕಡಲುಂಡಿಯಲ್ಲಿ ಮಂಗಳೂರಿನಿಂದ ಹೊರಟ ಚೆನ್ನೈ ಮೈಲ್ ರೈಲು ಸೇತುವೆಯಿಂದ ಹೊಳೆಗೆ ಬಿದ್ದು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. 2017ರ ಮೇ ತಿಂಗಳಲ್ಲಿ ಗೋವಾದ ಸಾವರ್ಡೆಯಲ್ಲಿ ಪೋರ್ಚುಗೀಸರ ಕಾಲದ, ಬಳಕೆ ನಿಲ್ಲಿಸಿದ್ದ ಕಾಲುಸೇತುವೆ ಜನ ಗುಂಪುಗೂಡಿದ್ದಾಗ ಕುಸಿಯಿತು. 2024ರಲ್ಲಿ ಕಾಳಿ. 2025ರ ಜುಲೈ 9ರಂದು ಗುಜರಾತಿನ ಮಹಿಸಾಗರ ನದಿಯ ಗಂಭೀರಾ ಸೇತುವೆ ಕುಸಿದು 20ಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ಅದರ ವಯಸ್ಸು ನಲವತ್ತು, ಕಾಳಿ ಸೇತುವೆಯ ಓರಗೆಯದೇ.

ಹಳೆಯದು, ಕಬ್ಬಿಣದ್ದು, ಕಲ್ಲಿನದು, ಕಾಂಕ್ರೀಟಿನದು ಎಂಬ ಭೇದ ಈ ಪಟ್ಟಿಯಲ್ಲಿಲ್ಲ. ಬಿದ್ದವೆಲ್ಲ ಒಂದೇ ಬಗೆಯವಲ್ಲ. ಹಾಗಾದರೆ ಸಮಸ್ಯೆ ಕೇವಲ ಸಾಮಗ್ರಿಯದ್ದಲ್ಲ.

ಹೊಸದರ ಪಕ್ಕದ ಹಳೆಯದು

ನಮ್ಮ ಅಭಿಪ್ರಾಯದಲ್ಲಿ ಸಮಸ್ಯೆಯ ಬೇರು ಇರುವುದು ಒಂದು ಸರಳ ಪ್ರಶ್ನೆಯಲ್ಲಿ: ಹೊಸ ಸೇತುವೆ ಬಂದ ಮೇಲೆ ಹಳೆಯದು ಯಾರದು?

ಹೊಸದು ಬಂದಾಗ ಹಳೆಯದರ ಮುಂದೆ ಮೂರು ದಾರಿಗಳಿವೆ. ಒಂದು, ಅದನ್ನು ಪರೀಕ್ಷಿಸಿ, ಬಲಪಡಿಸಿ, ಸಾಮರ್ಥ್ಯಕ್ಕೆ ತಕ್ಕ ವಾಹನಗಳಿಗೆ ಮಾತ್ರ ಬಿಡುವುದು. ಎರಡು, ವಾಹನ ಪೂರ್ತಿ ನಿಲ್ಲಿಸಿ ನಡೆದಾಡಲು, ನೋಡಲು ಸ್ಮಾರಕವಾಗಿ ಉಳಿಸುವುದು. ಮೂರು, ಕೆಡವುವುದು. ಮೂರೂ ಪ್ರಾಮಾಣಿಕ ದಾರಿಗಳೇ. ಆದರೆ ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ನಾಲ್ಕನೆಯದು: ಏನೂ ನಿರ್ಧರಿಸದೆ ಬಳಸುತ್ತಲೇ ಇರುವುದು. ಕಾಳಿಯಲ್ಲಿ ಚತುಷ್ಪಥ ಹೆದ್ದಾರಿಗಾಗಿ ಹೊಸ ಸೇತುವೆ ಕಟ್ಟಿದರು. ಹಳೆಯದನ್ನು ಇನ್ನೊಂದು ದಿಕ್ಕಿನ ವಾಹನಗಳಿಗೆ ಬಿಟ್ಟರು. ಹೀಗೆ ಹೊಸ ಹೆದ್ದಾರಿಯ ಅರ್ಧ ಭಾರ ಹಳೆಯ ಸೇತುವೆಯ ಹೆಗಲ ಮೇಲೆಯೇ ಉಳಿಯಿತು. ಕುಸಿತಕ್ಕೆ ನಿಖರ ಕಾರಣ ಹೇಳುವುದು ತಜ್ಞರ ಕೆಲಸ, ಹೊಣೆ ಯಾರದೆನ್ನುವುದು ಕಾನೂನಿನ ಕೆಲಸ. ನಾವು ಇಲ್ಲಿ ತೀರ್ಪು ಕೊಡುತ್ತಿಲ್ಲ. ಆದರೆ ರಾತ್ರಿ ಒಂದು ಗಂಟೆಯ ವರೆಗೆ ಆ ಸೇತುವೆಯ ಮೇಲೆ ಲಾರಿ ಬಿಡಬಹುದು ಎಂದು ವ್ಯವಸ್ಥೆ ನಂಬಿತ್ತು, ಒಂದು ಗಂಟೆಗೆ ಆ ನಂಬಿಕೆ ಸುಳ್ಳಾಯಿತು ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಇದಕ್ಕೆ ಹೋಲಿಸಿದರೆ ಗುರುಪುರದ ಉದಾಹರಣೆ ಸಮಾಧಾನ ಕೊಡುತ್ತದೆ. 1923ರಲ್ಲಿ ಫಲ್ಗುಣಿ ನದಿಗೆ ಕಟ್ಟಿದ ಇಕ್ಕಟ್ಟಿನ ಸೇತುವೆ ಶತಮಾನ ಸಮೀಪಿಸುತ್ತಿದ್ದಾಗ ಪಕ್ಕದಲ್ಲಿ ಹೊಸದು ಎದ್ದಿತು. 2020ರ ಜೂನ್‌ನಲ್ಲಿ ವಾಹನಗಳು ಅದಕ್ಕೆ ಹೋದವು. ಮೂಡುಬಿದಿರೆ ಕಡೆಯ ಜನರಿಗೆ ಆ ದಿನದ ನಿಟ್ಟುಸಿರು ನೆನಪಿರಬಹುದು. ಆದರೆ ಅದೇ ಫಲ್ಗುಣಿಯ ಮೇಲೆ ಪೊಳಲಿ ಸಮೀಪದ ಅಡ್ಡೂರು ಸೇತುವೆಯಲ್ಲಿ 2024ರ ಆಗಸ್ಟ್‌ನಲ್ಲಿ ಘನ ವಾಹನಗಳನ್ನು ನಿಷೇಧಿಸಬೇಕಾಯಿತು. ನಿಷೇಧ ಸರಿಯಾದದ್ದೇ. ಆದರೆ ಸೇತುವೆ ದಣಿದಿದೆ ಎಂದು ಗೊತ್ತಾಗುವ ಹೊತ್ತಿಗೆ ಬದಲಿ ದಾರಿ ಸಿದ್ಧವಾಗಿರದಿದ್ದರೆ ಕಷ್ಟಪಡುವವರು ಬಸ್ಸಿಗೆ ಕಾಯುವ ವಿದ್ಯಾರ್ಥಿಗಳು, ಬೀಡಿ ಬ್ರಾಂಚಿಗೆ ಹೋಗುವ ಹೆಂಗಸರು, ಆಸ್ಪತ್ರೆಗೆ ಹೊರಟ ವೃದ್ಧರು. ಕಾರಿರುವವರಿಗೆ ಸುತ್ತುದಾರಿ ಇದ್ದೇ ಇದೆ.

ಕೇಂದ್ರ ಸರಕಾರ 2016ರಲ್ಲಿ ಸೇತುವೆ ನಿರ್ವಹಣಾ ವ್ಯವಸ್ಥೆಯೊಂದನ್ನು ಆರಂಭಿಸಿ ರಾಷ್ಟ್ರೀಯ ಹೆದ್ದಾರಿಗಳ ಸೇತುವೆ, ಮೋರಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟು, ಆರೋಗ್ಯದ ಅಂಕ ಹಾಕುವ ಕೆಲಸಕ್ಕೆ ತೊಡಗಿತು. ಒಳ್ಳೆಯ ಹೆಜ್ಜೆ. ಆದರೆ ಕಾಳಿ ಸೇತುವೆ ಇದ್ದದ್ದೂ ರಾಷ್ಟ್ರೀಯ ಹೆದ್ದಾರಿಯಲ್ಲೇ. ಅಂಕ ಹಾಕಿದರೆ ಸಾಲದು. ಆ ಅಂಕವನ್ನು ಸೇತುವೆ ದಾಟುವವನು ಓದುವಂತಿರಬೇಕು. ಔಷಧದ ಪೊಟ್ಟಣದ ಮೇಲೆ ತಯಾರಾದ ದಿನ, ಮುಗಿಯುವ ದಿನ ಬರೆಯುತ್ತಾರೆ. ಸೇತುವೆಯ ತಲೆಯ ಮೇಲೆ ಉದ್ಘಾಟಿಸಿದವರ ಹೆಸರು ಮಾತ್ರ ಬರೆಯುತ್ತಾರೆ. ಕೊನೆಯ ಬಾರಿ ಪರೀಕ್ಷೆ ಮಾಡಿದ ದಿನ, ಹೊರಬಹುದಾದ ತೂಕ, ದೂರು ಕೊಡಬೇಕಾದ ಕಚೇರಿ ಇಷ್ಟನ್ನು ಬರೆದರೆ ಎಷ್ಟು ಖರ್ಚಾದೀತು?

ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೂ ಶ್ರೀರಂಗಪಟ್ಟಣವೇ ಸಾಕ್ಷಿ. ರೈಲು ಹಳಿ ಜೋಡಿ ಮಾಡಲು ಟಿಪ್ಪು ಕಾಲದ ಮದ್ದಿನ ಮನೆಯೊಂದು ಅಡ್ಡ ಬಂದಾಗ ಅದನ್ನು ಒಡೆಯಲಿಲ್ಲ. 2017ರ ಮಾರ್ಚ್‌ನಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರಕ್ಕೆ ಜರುಗಿಸಿ ಇಟ್ಟರು. ರೈಲೂ ಬಂತು, ಚರಿತ್ರೆಯೂ ಉಳಿಯಿತು. ಒಂದು ಕಟ್ಟಡವನ್ನೇ ಎತ್ತಿ ಇಡಬಲ್ಲ ದೇಶಕ್ಕೆ ಕಲ್ಲು ಸೇತುವೆಯ ಸಂದಿಯಲ್ಲಿ ಬೇರು ಬಿಡುವ ಅರಳಿ ಗಿಡವನ್ನು ವರ್ಷಕ್ಕೊಮ್ಮೆ ಕೀಳುವುದು ಕಷ್ಟವಾಗಬಾರದು. ಪ್ರವಾಹದ ಬಾಯಿಗೆ ಪ್ರತಿ ವರ್ಷ ಸಿಗುವ ಅದನ್ನು ನೀರು ಇಳಿದ ಮೇಲೆ ಕಂಬ ಕಂಬವಾಗಿ ನೋಡಿ ಬರುವ ಏರ್ಪಾಡು ಇರಲೇಬೇಕು. ಶಿವನಸಮುದ್ರದಲ್ಲಿ ಆದದ್ದು ಶ್ರೀರಂಗಪಟ್ಟಣದಲ್ಲಿ ಆಗುವುದಿಲ್ಲ ಎಂದು ಕಾವೇರಿ ಯಾರಿಗೂ ಮಾತು ಕೊಟ್ಟಿಲ್ಲ.

ಸುದ್ದಿಯಾಗದ ಸಂಕಗಳು

ಹೆದ್ದಾರಿಯ ಸೇತುವೆ ಬಿದ್ದರೆ ದೇಶದ ಸುದ್ದಿ. ತೋಡಿನ ಸಂಕ ಮುರಿದರೆ? 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಎರಡನೆಯ ತರಗತಿಯ ಬಾಲಕಿ ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಜಾರಿ ಹಳ್ಳದಲ್ಲಿ ಕೊಚ್ಚಿಹೋದಳು. ಆ ಮಗುವಿನ ಸಾವಿನ ನಂತರ ಕಾಲುಸಂಕಗಳ ಪಟ್ಟಿ ಮಾಡುವ, ಕಿರುಸೇತುವೆ ಕಟ್ಟುವ ಮಾತುಗಳು ಜೋರಾದವು. ಮಗು ಹೋದ ಮೇಲೆ ಬರುವ ಸೇತುವೆಯನ್ನು ಯಾವ ತಾಯಿ ದಾಟಿಯಾಳು?

ಇದು ಕರಾವಳಿಗೆ ಮಾತ್ರ ಸೀಮಿತವಲ್ಲ. ರಾಜ್ಯದ ಇನ್ನೊಂದು ತುದಿಯಲ್ಲಿ, ಮಾಂಜರಾ ನದಿ ಹರಿಯುವ ಬೀದರ್ ಜಿಲ್ಲೆಯ ಔರಾದ್, ಭಾಲ್ಕಿ ಕಡೆಗೆ ಹೋದರೆ ಠಾಣಾ ಕುಶನೂರಿನಂಥ ಊರುಗಳ ಜನರೂ ಮಳೆ ಜೋರಾದಾಗ ಮೊದಲು ಕೇಳುವುದು ಸೇತುವೆಯ ಮೇಲೆ ನೀರು ಬಂತೇ ಎಂದು. ಅಲ್ಲಿ ಉಪ್ಪಿಲ್ಲ, ಭರತವಿಲ್ಲ. ಆದರೆ ಸೇತುವೆಯ ಆಚೆ ಶಾಲೆ, ಈಚೆ ಮನೆ ಎಂಬ ಲೆಕ್ಕ ಎಲ್ಲ ಕಡೆಯೂ ಒಂದೇ.

ನಮ್ಮಿಂದ ಆಗುವುದು

"ನಾವೇನು ಇಂಜಿನಿಯರುಗಳೇ?" ಎಂದು ಓದುಗರು ಕೇಳಬಹುದು. ಅಲ್ಲ. ಆದರೆ ಪ್ರತಿದಿನ ಆ ಸೇತುವೆ ದಾಟುವವರು ನಾವು. ಇಂಜಿನಿಯರ್ ವರ್ಷಕ್ಕೊಮ್ಮೆ ಬಂದಾರು. ನಾವು ದಿನಕ್ಕೆ ಎರಡು ಸಲ ನೋಡುತ್ತೇವೆ.

ಪ್ರತಿ ಧರ್ಮಕೇಂದ್ರದ ಪಾಲನಾ ಮಂಡಳಿ, ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಒಂದು ಸಭೆಯಲ್ಲಿ ಹತ್ತು ನಿಮಿಷ ಇದಕ್ಕೆ ಮೀಸಲಿಡಲಿ. ತಮ್ಮ ವ್ಯಾಪ್ತಿಯ ಸೇತುವೆ, ಮೋರಿ, ಕಾಲುಸಂಕಗಳ ಪಟ್ಟಿ ಮಾಡಲಿ. ಯಾವುದು ಲೋಕೋಪಯೋಗಿ ಇಲಾಖೆಯದು, ಯಾವುದು ಪಂಚಾಯತಿನದು, ಯಾವುದು ಹೆದ್ದಾರಿ ಪ್ರಾಧಿಕಾರದ್ದು ಎಂದು ವಿಚಾರಿಸಿ ಬರೆದಿಟ್ಟುಕೊಳ್ಳಲಿ. ಅನೇಕ ದೂರುಗಳು ತಪ್ಪು ಕಚೇರಿಗೆ ಹೋಗಿಯೇ ಸಾಯುತ್ತವೆ. ಯುವಸಂಘಟನೆಯ ಹುಡುಗ ಹುಡುಗಿಯರ ಕೈಯಲ್ಲಿ ಮೊಬೈಲ್ ಇದೆ. ಸಿಡಿದ ಕಾಂಕ್ರೀಟು, ಹೊರಬಂದ ಕಬ್ಬಿಣ, ಬುಡ ಕಾಣುವ ಕಂಬ, ಮುರಿದ ಕೈಪಿಡಿ ಕಂಡರೆ ದಿನಾಂಕ ಸಮೇತ ಚಿತ್ರ ತೆಗೆದು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಲಿ. ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಲಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಸೇತುವೆಯ ಕೊನೆಯ ಪರೀಕ್ಷೆ ಯಾವಾಗ ಆಯಿತು ಎಂಬ ಒಂದೇ ಸಾಲಿನ ಪ್ರಶ್ನೆ ಸಾಕು.

ಈ ಕೆಲಸ ನಮ್ಮವರಷ್ಟೇ ಸೇರಿ ಮಾಡುವುದೂ ಅಲ್ಲ. ಸೇತುವೆಯ ಮೇಲೆ ಚರ್ಚಿಗೆ ಹೋಗುವವರು, ದ್ಯಾವಸ್ಥಾನಕ್ಕೆ ಹೋಗುವವರು, ಮಸೀದಿಗೆ ಹೋಗುವವರು ಒಟ್ಟಿಗೇ ನಡೆಯುತ್ತಾರೆ. ಅರ್ಜಿಗೆ ಸಹಿಯನ್ನೂ ಒಟ್ಟಿಗೇ ಹಾಕಬೇಕು. ಆಗ ಅದರ ತೂಕ ಬೇರೆ. ಮರಳಿನ ವಿಷಯದಲ್ಲಂತೂ ನಮ್ಮನ್ನು ನಾವೂ ಕೇಳಿಕೊಳ್ಳಬೇಕು. ನಮ್ಮ ಮನೆ, ನಮ್ಮ ಸಭಾಭವನಗಳಿಗೆ ಬಂದ ಮರಳು ಯಾವ ಸೇತುವೆಯ ಬುಡದಿಂದ ಬಂತು?

ಶ್ರೀರಂಗಪಟ್ಟಣದ ಸೇತುವೆಯ ಮೇಲೆ ನಿಂತು ಆ ಹುಡುಗ ಕೇಳಿದ ಸಿಮೆಂಟಿನ ಪ್ರಶ್ನೆಗೆ ನಾವು ಅಂದು ಕೊಟ್ಟ ಉತ್ತರ, "ಇದಕ್ಕೆ ಸಿಮೆಂಟ್ ಇಲ್ಲ ಮಗಾ, ಕಲ್ಲಿನ ಮೇಲೆ ಕಲ್ಲು ಭಾರ ಹೇರಿ ನಿಂತಿದೆ" ಎಂದು. ಇಂದು ಅದೇ ಪ್ರಶ್ನೆ ಕೇಳಿದರೆ ಇನ್ನೊಂದು ಮಾತು ಸೇರಿಸುತ್ತೇವೆ. ಕಟ್ಟಿದವರ ಜಾಣತನದಿಂದ ಸೇತುವೆ ಎದ್ದು ನಿಲ್ಲುತ್ತದೆ. ನಿಂತೇ ಇರುವುದು ಮಾತ್ರ ಆಮೇಲೆ ಬಂದವರ ಎಚ್ಚರದಿಂದ. ಪೂರ್ಣಯ್ಯನವರ ಪಾಲಿನ ಕೆಲಸ 1804ರಲ್ಲೇ ಮುಗಿಯಿತು. ಉಳಿದದ್ದು ನಮ್ಮ ಪಾಲಿನದು.

ಮುಂದಿನ ಮಳೆಗಾಲ ಬರುವ ಮೊದಲು, ನೀವು ದಿನವೂ ದಾಟುವ ಸೇತುವೆಯ ಕೆಳಗೆ ಒಮ್ಮೆ ಇಳಿದು ನೋಡಿ.